ನಾನು ‘ಗೋ’ ಅನ್ನುವ ತನಕ

ನಾಟಕ ಮುಗಿದು ಜನ ಎದ್ದು ಹೋದ ಮೇಲೆ, ದೀಪಗಳನ್ನು ನಡೆಸುವ ಲೈಟ್ ಬೋರ್ಡಿನ ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ. ಮುಖದಲ್ಲಿ ತಪ್ಪು ಮಾಡಿದ ಅಳುಕಿಗಿಂತ ಬೇಜಾರೇ ಜಾಸ್ತಿ ಇತ್ತು. “ಅಕ್ಕಾ, ಆ ಕ್ಯೂ ನಂಗೆ ಗೊತ್ತಿತ್ತು. ಹದಿನೆಂಟು ಶೋ ಮಾಡಿದೀನಿ. ನೀವು ಹೇಳೋದು ಲೇಟಾಯ್ತು ಅನ್ನಿಸ್ತು, ಒತ್ತಿಬಿಟ್ಟೆ.”

ದೀಪ, ಸದ್ದು, ಪರದೆ ಬದಲಾಗಬೇಕಾದ ಒಂದೊಂದು ಗಳಿಗೆಯೂ ಒಂದು ಕ್ಯೂ; ಅದಕ್ಕೆ ‘ಗೋ’ ಎಂದು ಅಪ್ಪಣೆ ಕೊಡುವವಳು ನಾನು. ಸ್ಟೇಜ್ ಮ್ಯಾನೇಜರ್ ಆಗಿ ಈ ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ಸೌಂಡಿನವರು, ಪರದೆ ಎಳೆಯುವವರು, ಸೆಟ್ ದಬ್ಬುವವರು ಎಲ್ಲರದ್ದೂ ಇದೇ ರಾಗ. ಹೊಸಬರಿಗೆ ಭಯವಿರುತ್ತದೆ, ಅವರು ಕಾಯುತ್ತಾರೆ. ನಾಟಕ ಬಾಯಿಪಾಠವಾದವರೇ ಮೊದಲು ಒತ್ತುವುದು. ಅದಕ್ಕೇ ಪೂರಾ ಬೈಯಲೂ ಮನಸ್ಸು ಬರುವುದಿಲ್ಲ. ಮನಸ್ಸಿಟ್ಟು ನೋಡದವನಿಗೆ ನಾಟಕ ಬಾಯಿಪಾಠವಾಗುವುದಾದರೂ ಹೇಗೆ?

ಆ ರಾತ್ರಿ ಆದದ್ದು ಇಷ್ಟು. ನಟಿ ಕೊನೆಯ ಮಾತು ಹೇಳಿ ನಾಲ್ಕು ಮೆಟ್ಟಿಲಿಳಿದು ರಂಗದ ಪಕ್ಕದ ಮರೆಗೆ, ಅಂದರೆ ವಿಂಗಿನೊಳಕ್ಕೆ ಬರಬೇಕು. ಬಾಗಿಲು ಮುಚ್ಚಿದ ಸದ್ದಿಗೆ ಬ್ಲ್ಯಾಕೌಟ್. ಮಾತು ಸರಿಯಾಗಿಯೇ ಬಂತು. ಆದರೆ ಎರಡನೇ ಮೆಟ್ಟಿಲಿನಲ್ಲಿ ಅವರ ಲಂಗದ ಅಂಚು ಒಂದು ಮೊಳೆಗೆ ಸಿಕ್ಕಿಕೊಂಡಿತು. ಪ್ರೇಕ್ಷಕರಿಗೆ ತಿಳಿಯದ ಹಾಗೆ ಬಗ್ಗಿ ಬಿಡಿಸಿಕೊಳ್ಳುತ್ತಿದ್ದರು. ವಿಂಗಿನಲ್ಲಿದ್ದ ನನಗೆ ಅದು ಕಾಣುತ್ತಿತ್ತು. ಸಭಾಂಗಣದ ಹಿಂದಿನ ಗೂಡಿನಲ್ಲಿ ಕೂತ ಹುಡುಗನಿಗೆ ಮೆಟ್ಟಿಲಿನ ಕಟಕಟೆ ಅಡ್ಡ. ನಾನು ಕಾದೆ. ಅವನು ಒತ್ತಿದ. ಒಂದು ಕಾಲು ಗಾಳಿಯಲ್ಲಿರುವಾಗ ಅವರ ಸುತ್ತ ಕಗ್ಗತ್ತಲು. ಕಟಕಟೆ ಕೈಗೆ ಸಿಕ್ಕಿತು, ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದಲೇ ಅವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ.

ಮತ್ತೊಮ್ಮೆ ಹೇಳುತ್ತೇನೆ, ಹೇಳಿ ಹೇಳಿ ನಾಲಿಗೆ ಸವೆದಿದ್ದರೂ. ಕ್ಯೂಗಳನ್ನೆಲ್ಲ ಗುರುತು ಹಾಕಿಕೊಂಡ ನಾಟಕದ ಪ್ರತಿಯಲ್ಲಿ, ಅಂದರೆ ಪ್ರಾಂಪ್ಟ್ ಬುಕ್ಕಿನಲ್ಲಿ, ಒಂದು ಪದದ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ‘ಲೈಟ್ 42’ ಎಂದು ಬರೆದಿರುತ್ತೇನಲ್ಲ, ಆ ಪದ ಕಿವಿಗೆ ಬಿದ್ದ ತಕ್ಷಣ ದೀಪ ಬದಲಾಗಬೇಕು ಎಂದು ಅದರ ಅರ್ಥವಲ್ಲ. ಅಲ್ಲಿಗೆ ಬಂದಾಗ ನಾನು ರಂಗದ ಮೇಲೆ ನೋಡಬೇಕು ಎಂದು ಅರ್ಥ. ನಟ ಗುರುತಿನ ಮೇಲೆ ನಿಂತಿದ್ದಾನೆಯೇ, ಕುರ್ಚಿ ತರಲು ಹೋದವನು ಆಚೆ ಬಂದನೇ, ರಂಗದ ನೆಲದಲ್ಲಿ ತೆರೆದಿದ್ದ ಬಾಗಿಲು ಮುಚ್ಚಿತೇ, ಮೇಲಿನಿಂದ ಇಳಿಯಬೇಕಾದ ಪರದೆಯ ಕೆಳಗೆ ಯಾರ ತಲೆಯಾದರೂ ಇದೆಯೇ. ಇವನ್ನೆಲ್ಲ ನೋಡಿ, ಹೂಂ ಅನ್ನಿಸಿದರೆ ‘ಗೋ’. ಮಾತು ಹದಿನೆಂಟು ಶೋಗಳಲ್ಲೂ ಒಂದೇ. ರಂಗ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಕತ್ತಲಾದ ಮೇಲೂ ನನ್ನ ಕಣ್ಣಿಗೆ ಬಿಡುವಿಲ್ಲ. ಅನುಕೂಲವಿರುವ ರಂಗಮಂದಿರಗಳಲ್ಲಿ ಕತ್ತಲಲ್ಲೂ ಕಾಣುವ ಇನ್‌ಫ್ರಾರೆಡ್ ಕ್ಯಾಮೆರಾದ ಪರದೆ ನನ್ನ ಮೇಜಿನ ಮೇಲೇ ಇರುತ್ತದೆ. ಆಪರೇಟರ್ ಗೂಡಿನಲ್ಲಿ ಸಾಮಾನ್ಯವಾಗಿ ಅದಿಲ್ಲ.

ಇನ್ನೊಂದು ವಿಷಯ. ಒಂದೇ ಗಳಿಗೆಗೆ ಲೈಟು, ಸೌಂಡು, ಪರದೆ ಮೂರೂ ಇದ್ದಾಗ ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಒತ್ತಿದರೆ ಗುಡುಗು ಮೊದಲು, ಮಿಂಚು ಆಮೇಲೆ. ಆಗಿದೆ. ಜನ ನಕ್ಕಿದ್ದಾರೆ. ಅದು ದುರಂತ ನಾಟಕವಾಗಿತ್ತು.

ಕ್ರಮ ನಿಮಗೆಲ್ಲ ಗೊತ್ತಿರುವುದೇ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಮೊದಲು ‘ಸ್ಟ್ಯಾಂಡ್‌ಬೈ ಲೈಟ್ 42’, ಅಂದರೆ ಆ ಕ್ಯೂಗೆ ಸಿದ್ಧರಾಗಿ, ಅನ್ನುತ್ತೇನೆ. ಆ ಕಡೆಯಿಂದ ‘ಲೈಟ್ ರೆಡಿ’ ಬರಬೇಕು. ಅಲ್ಲಿಂದ ಗೋ ಬರುವವರೆಗೆ ಹೆಡ್‌ಸೆಟ್‌ನಲ್ಲಿ ಪಿಟ್ಟೆನ್ನಬಾರದು. ಬೆರಳು ಗುಂಡಿಯ ಮೇಲಿರಬಾರದು, ಗುಂಡಿಯ ಪಕ್ಕದಲ್ಲಿರಬೇಕು. ಹೆಡ್‌ಸೆಟ್ ಇಲ್ಲದ ಕಡೆ ಕ್ಯೂ ಲೈಟು. ಬ್ರಿಟಿಷ್ ಪದ್ಧತಿಯಲ್ಲಿ ಕೆಂಪು ಮಿನುಗಿದರೆ ಸ್ಟ್ಯಾಂಡ್‌ಬೈ, ಗುಂಡಿ ಒತ್ತಿ ಒಪ್ಪಿಕೊಂಡರೆ ಮಿನುಗು ನಿಂತು ಸುಮ್ಮನೆ ಉರಿಯುತ್ತದೆ, ಹಸಿರಾದರೆ ಗೋ. ಅಮೆರಿಕದಲ್ಲಿ ಸಾಮಾನ್ಯವಾಗಿ ಲೈಟು ಹತ್ತಿದರೆ ಸ್ಟ್ಯಾಂಡ್‌ಬೈ, ಆರಿದರೆ ಗೋ. ಒಂದು ಪದ್ಧತಿಗೆ ಒಗ್ಗಿದವರು ಇನ್ನೊಂದಕ್ಕೆ ಹೋದಾಗ ಮೊದಲ ದಿನವೇ ಕೇಳಿಕೊಳ್ಳಿ. ನಾನು ಕೇಳದೆ ಒಮ್ಮೆ ಕೆಟ್ಟಿದ್ದೇನೆ, ವಿವರ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲ ಕ್ಯೂಗಳೂ ನನ್ನ ಬಾಯಿಂದಲೇ ಬರಬೇಕು ಎಂಬ ಹಟ ನನಗಿಲ್ಲ. ನಟ ಸ್ವಿಚ್ ಮುಟ್ಟಿದ ಕ್ಷಣಕ್ಕೆ ದೀಪ ಹತ್ತಬೇಕು ಎನ್ನುವಂಥವನ್ನು ಆಪರೇಟರ್ ಕಣ್ಣಾರೆ ನೋಡಿ ಒತ್ತುವುದೇ ಲೇಸು. ಒಂದರ ಬೆನ್ನಿಗೆ ಇನ್ನೊಂದು ತಾನಾಗಿ ಓಡುವ ಹಾಗೆ ಬೋರ್ಡಿನಲ್ಲೇ ಕೂಡಿಸಿಟ್ಟ ಕ್ಯೂಗಳೂ ಇವೆ. ಇಬ್ಬರೇ ಸೇರಿ ನಡೆಸುವ ಸಣ್ಣ ನಾಟಕದಲ್ಲಿ ನಾನೇ ಬೋರ್ಡಿಗೂ ಕೂತಿದ್ದೇನೆ. ಆದರೆ ಅವನ್ನೆಲ್ಲ ತಾಂತ್ರಿಕ ತಾಲೀಮಿನಲ್ಲಿ ಮಾತಾಡಿ, ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದು ಒಪ್ಪಿಕೊಂಡಿರುತ್ತೇವೆ. ಪೆನ್ಸಿಲ್ಲೇ ಯಾಕೆಂದರೆ ನಾಳೆ ನಿರ್ದೇಶಕರು ಬದಲಾಯಿಸುತ್ತಾರೆ. 42ಕ್ಕೂ 43ಕ್ಕೂ ನಡುವೆ ಹೊಸದೊಂದು ಬಂದರೆ ಅದು 42.5, ಉಳಿದ ಸಂಖ್ಯೆಗಳನ್ನು ಮುಟ್ಟುವ ಹಾಗಿಲ್ಲ. ಶೋ ನಡೆಯುತ್ತಿರುವಾಗ ಒಬ್ಬನ ಮನಸ್ಸಿನಲ್ಲಿ ಆದ ಒಪ್ಪಂದ ಒಪ್ಪಂದವಲ್ಲ.

ಹಾಗೆಂದು ಇದು ಅಧಿಕಾರದ ಪ್ರಶ್ನೆ ಎಂದುಕೊಳ್ಳಬೇಡಿ. ಗೋ ಅನ್ನುವ ಹಕ್ಕು ಒಬ್ಬರಿಗೇ, ‘ನಿಲ್ಲಿಸಿ’ ಅನ್ನುವ ಹಕ್ಕು ಎಲ್ಲರಿಗೂ. ನಿನ್ನೆ ಸೇರಿದ ಹುಡುಗಿ ಕೂಗಿದರೂ ಎಲ್ಲರ ಕೈ ನಿಲ್ಲಬೇಕು. ಕಾರಣ ಆಮೇಲೆ ಕೇಳೋಣ. ಒಮ್ಮೆ ಅಂಥ ಕೂಗಿಗೆ ತಾಲೀಮು ನಿಂತಾಗ ಅವಳು ಕಂಡದ್ದು ಬರೀ ನೆರಳು ಎಂದು ಗೊತ್ತಾಯಿತು. ಇಬ್ಬರು ಹಿರಿಯರು ನಕ್ಕರು. ಅವಳಿಗಲ್ಲ, ಆ ಇಬ್ಬರಿಗೆ ಆಮೇಲೆ ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದೆ. ನಗುವಿನ ಭಯಕ್ಕೆ ಅವಳು ಮುಂದೆ ಬಾಯಿ ಮುಚ್ಚಿಕೊಂಡರೆ ಗತಿ ಏನು?

ಇನ್ನು ನಮ್ಮ ಭಾಷೆಯದ್ದೇ ಒಂದು ಪೇಚು. ಅಭ್ಯಾಸವಾದ ಬೆರಳಿಗೆ ‘ಗೋ’ ಎಂಬ ಸದ್ದು ಸಾಕು, ಅದು ಮಿದುಳನ್ನು ಕೇಳುವುದಿಲ್ಲ. ಇಂಗ್ಲಿಷಿನವರು ಹೆಡ್‌ಸೆಟ್‌ನಲ್ಲಿ ಬೇರೆ ಮಾತಿಗೆ ಆ ಪದ ಹೇಳಬೇಕಾದರೆ ಅಕ್ಷರ ಬಿಡಿಸಿ ‘ಜಿ, ಓ’ ಅನ್ನುತ್ತಾರೆ. ಕನ್ನಡದಲ್ಲಿ ಆಡುವ ನಮಗೆ ಅಷ್ಟು ಸಾಲದು. ಸ್ಟ್ಯಾಂಡ್‌ಬೈ ಕೊಟ್ಟಾಗಿತ್ತು, ಎಡ ವಿಂಗಿನ ಸಹಾಯಕ ಮೆಲ್ಲಗೆ “ಅಕ್ಕಾ, ಗೋಡೆ ಅಲ್ಲಾಡ್ತಿದೆ” ಅಂದ. ಸೆಟ್ಟಿನ ಗೋಡೆ. ‘ಡೆ’ ಬರುವ ಮೊದಲೇ ಬೆಳಗಾಗಿಬಿಟ್ಟಿತು, ಸೌಂಡಿನಲ್ಲಿ ಹಕ್ಕಿಗಳೂ ಕೂಗಿದವು. ರಂಗದ ಮೇಲೆ ಇನ್ನೂ ಕಳ್ಳರು ಕನ್ನ ಕೊರೆಯುತ್ತಿದ್ದರು. ಅವತ್ತು ನಾನು ಯಾರನ್ನೂ ಬೈಯಲಿಲ್ಲ. ಅಲ್ಲಾಡುವ ಗೋಡೆಯ ಸುದ್ದಿ ತಿಳಿಸಿದ್ದು ಸರಿ, ಬೆರಳು ಕೇಳಿದ್ದೂ ಸರಿ.

ಅಲ್ಲಿಂದ ನಮ್ಮ ತಂಡದಲ್ಲಿ ಹೆಡ್‌ಸೆಟ್ ಹಾಕಿಕೊಂಡ ಮೇಲೆ ಗೋಡೆ ‘ಫ್ಲ್ಯಾಟ್’, ಗೋಣಿಚೀಲ ಬರೀ ‘ಚೀಲ’, ಗೋಳು ಏನಿದ್ದರೂ ಶೋ ಮುಗಿದ ಮೇಲೆ. ಹುಡುಗರು ಇದನ್ನೊಂದು ಆಟ ಮಾಡಿಕೊಂಡಿದ್ದಾರೆ, ಊಟಕ್ಕೆ ಕೂತಾಗಲೂ ಹೊಸ ಹೊಸ ಪದ ಹುಡುಕುತ್ತಾರೆ. ಮೆಟ್ಟಿಲಿನ ರಾತ್ರಿಯ ಆ ಲೈಟಿನ ಹುಡುಗನೇ ಪಟ್ಟಿ ಬರೆದಿಡುವವನು.

ಹೋದ ವಾರ ಹೊಸ ನಾಟಕದ ಓದು ಶುರುವಾಯಿತು. ಮೊದಲ ಪುಟ ತಿರುವುತ್ತಿದ್ದಂತೆ ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾಯಕನ ಹೆಸರು ಗೋವಿಂದ. ಎರಡೂವರೆ ಗಂಟೆಯ ನಾಟಕ, ಅವನು ಇಲ್ಲದ ದೃಶ್ಯವೇ ಇಲ್ಲ. ನಾಟಕಕಾರರನ್ನು ಕೇಳಿ ನೋಡಿದೆ, ಹೆಸರು ಬದಲಾಯಿಸುವುದಿಲ್ಲವಂತೆ. ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಂಡೆ: ಹೆಡ್‌ಸೆಟ್‌ನಲ್ಲಿ ಇವನು ‘ಹೀರೋ’.