ಎಣಿಸುವ ಮೊದಲು ಪಕ್ಕೆಲುಬು ಮುಟ್ಟಿ ನೋಡಿ

ಗಬ್ಬೂರು ಬೈಪಾಸ್ ಪಕ್ಕ ಒಂದು ಹಳೇ ಓಮ್ನಿ ನಿಂತಿದೆ ಎಂದುಕೊಳ್ಳಿ. ಹಿಂದಿನ ಸೀಟು ಕಿತ್ತು ಹಾಸಿಗೆ ಹಾಸಿದ್ದಾರೆ, ಕಿಟಕಿಗೆ ಸೀರೆಯ ತುಂಡು, ಒಳಗೆ ಒಬ್ಬ ಮನುಷ್ಯ, ಮೂರು ನಾಯಿ. ಇತ್ತ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಸ್ವಂತ ಮನೆ. ಬಾಗಿಲಿಗೆ ತೋರಣವಿದೆ, ಕಿಟಕಿ ಮಾತ್ರ ತೆರೆದು ವರ್ಷವಾಗಿದೆ, ಒಳಗೆ ನಲವತ್ತು ಬೆಕ್ಕು. ದೂರು ಹೋಗುವುದು ಓಮ್ನಿಯ ಮೇಲೆ. ಮನೆಯ ವಿಷಯಕ್ಕೆ ಬಂದರೆ, "ಪಾಪ, ಅಮ್ಮಾರಿಗೆ ಪ್ರಾಣಿ ಅಂದ್ರ ಜೀವ" ಎಂದು ಮುಗಿಸಿಬಿಡುತ್ತಾರೆ. ಪಶುವೈದ್ಯರ ಲೆಕ್ಕ ಬಹಳ ಸಲ ಇದಕ್ಕೆ ತಿರುವುಮುರುವು. ನೋಡಿಕೊಳ್ಳಲಾಗದಷ್ಟು ಪ್ರಾಣಿ ಕೂಡಿಹಾಕಿದವರನ್ನು ಗುರುತಿಸುವುದು ಹೇಗೆ, ನೆರವಾಗುವುದು ಹೇಗೆ, ಇಲ್ಲಿ ಅದೇ ಮಾತು.

ಸರಳ ಪರೀಕ್ಷೆ ಒಂದಿದೆ. ಬಲಗೈ ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಎಡಗೈ ಬೆರಳು ಆಡಿಸಿ. ಪ್ರಾಣಿಯ ಪಕ್ಕೆಲುಬು ಹಾಗೆ ಏಣೇಣಾಗಿ ಸಿಕ್ಕರೆ ಅದು ಬಡಕಲು. ಮುಷ್ಟಿ ಬಿಚ್ಚಿ ಅಂಗೈಯ ಹಿಂಬದಿ ಸವರಿದಂತಿದ್ದರೆ ಸರಿಯಾಗಿದೆ. ಅಂಗೈಯಂತೆ ಮೆತ್ತಗಿದ್ದರೆ ಕೊಬ್ಬು ಹೆಚ್ಚು. ಆಮೇಲೆ ಉಗುರು ನೋಡಿ, ಕಿವಿ ನೋಡಿ, ಒಂದೊಂದರ ಹೆಸರು ಕೇಳಿ, ಕಡೆಯ ಸಲ ಹುಷಾರಿಲ್ಲದ್ದು ಯಾವಾಗ ಎಂದು ಕೇಳಿ. ವಾಹನದಲ್ಲಿ ಮಲಗುವವರು ಸಾಮಾನ್ಯವಾಗಿ ಥಟ್ಟನೆ ಹೇಳುತ್ತಾರೆ. ತಾವು ಉಣ್ಣುವ ಮುಂಚೆ ನಾಯಿಗೆ ಹಾಕಿರುತ್ತಾರೆ. ನಲವತ್ತು ಬೆಕ್ಕಿನ ಮನೆಯಲ್ಲಿ ಐದಾರು ಹೆಸರು ಬಂದು ಮಾತು ನಿಲ್ಲುತ್ತದೆ.

ಪ್ರಾಣಿ ಕೂಡಿಹಾಕುವ ಈ ಸ್ಥಿತಿಗೆ 1999ರಲ್ಲಿ ಅಮೆರಿಕದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್ ಕೊಟ್ಟ ವ್ಯಾಖ್ಯೆಯಲ್ಲಿ ಇಷ್ಟೇ ಪ್ರಾಣಿ ಎಂಬ ಸಂಖ್ಯೆ ಇಲ್ಲ. ಹೊಟ್ಟೆಗೆ, ಶುಚಿತ್ವಕ್ಕೆ, ಚಿಕಿತ್ಸೆಗೆ ಕನಿಷ್ಠವೂ ಒದಗುತ್ತಿಲ್ಲ. ಪ್ರಾಣಿಗಳೂ ಮನೆಯೂ ಹಾಳಾಗುತ್ತಿರುವುದು, ತನ್ನ ಆರೋಗ್ಯ ಕೆಡುತ್ತಿರುವುದು ಕಂಡರೂ ಆ ವ್ಯಕ್ತಿ ಏನೂ ಮಾಡುತ್ತಿಲ್ಲ. ಗುರುತು ಇದು. ಹಾವೇರಿ, ಗದಗ ಕಡೆ ಇನ್ನೂರು ಕುರಿ, ನಾಲ್ಕು ನಾಯಿ ಕಟ್ಟಿಕೊಂಡು ಬಯಲಲ್ಲೇ ಮಲಗುವ ಕುರಿಗಾರರನ್ನು ನೋಡಿ. ಅವರೂ ಮನೆ ಬಿಟ್ಟು ತಿರುಗುವವರೇ. ರೈತರು ಕರೆದು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರೆ, ಗೊಬ್ಬರಕ್ಕೆ. ಯಾವ ಕುರಿ ಕುಂಟುತ್ತಿದೆ ಎಂದು ಆ ಕುರಿಗಾರನಿಗೆ ಕತ್ತಲಲ್ಲೂ ಗೊತ್ತು.

ಮನೆಗೆ ಬರೋಣ. ನಲವತ್ತು ಬೆಕ್ಕನ್ನು ಯಾರೂ ಒಂದೇ ದಿನ ತರುವುದಿಲ್ಲ. ಎರಡು ಹೆಣ್ಣು, ಒಂದು ಗಂಡು ಸಾಕು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಲ್ಲದು, ಗರ್ಭದ ಅವಧಿ 63ರಿಂದ 65 ದಿನ, ಮರಿ ಹಾಕಿದ ಕೆಲವೇ ವಾರಗಳಲ್ಲಿ ಮತ್ತೆ ಬೆದೆ. ಒಂದೊಂದು ಹೆಣ್ಣು ವರ್ಷಕ್ಕೆ ಮೂರು ಸೂಲು, ಸೂಲಿಗೆ ನಾಲ್ಕು ಮರಿ ಎಂದರೆ 24 ಆಯಿತು. ಅರ್ಧ ಸತ್ತರೂ ಮುಂದಿನ ವರ್ಷ ಆ ಮರಿಗಳೇ ತಾಯಿ. ಓಣಿಯವರು ರಾತ್ರಿ ಗೇಟಿನ ಮುಂದೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋಗುವ ಮರಿಗಳು ಬೇರೆ. ದೂರು ಕೊಡುವವರಲ್ಲಿ ಆ ಪೆಟ್ಟಿಗೆ ಇಟ್ಟವರೂ ಇರುತ್ತಾರೆ, ಇರಲಿ.

ಇಂಥ ಮನೆಯ ಬಾಗಿಲು ತೆರೆದ ಕೂಡಲೇ ಕಣ್ಣು ಉರಿಯುತ್ತದೆ. ಅದು ಉಚ್ಚೆಯಿಂದ ಏಳುವ ಅಮೋನಿಯಾ. ಹತ್ತು ತಾಸಿನವರೆಗಿನ ಕೆಲಸಕ್ಕೆ ಸುರಕ್ಷಿತ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಇಟ್ಟ ಮಿತಿ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ. ಒಳಗಿರುವವರ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ, "ಏನೂ ವಾಸನಿ ಇಲ್ಲಲ್ರೀ" ಎಂದು ಅವರು ಹೇಳುವುದು ಸುಳ್ಳಲ್ಲ. ಎನ್-95 ಮಾಸ್ಕ್ ಧೂಳು ತಡೆಯುತ್ತದೆ, ಅಮೋನಿಯಾ ತಡೆಯುವುದಿಲ್ಲ. ಅದಕ್ಕೆ ಅನಿಲ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಇಲ್ಲದಿದ್ದರೆ ಕಿಟಕಿ, ಹಿತ್ತಲ ಬಾಗಿಲು ತೆರೆಸಿ ಅರ್ಧ ತಾಸು ಹೊರಗೆ ನಿಲ್ಲಿ. ಪದೇ ಪದೇ ಹೋಗುವ ಸ್ವಯಂಸೇವಕರು ರೇಬೀಸ್ ಮುಂಜಾಗ್ರತಾ ಲಸಿಕೆ ಮೊದಲೇ ಹಾಕಿಸಿಕೊಂಡಿರಬೇಕು. ಪರಚಿದರೆ, ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಈಗ ಎಲ್ಲರೂ ಮಾಡುವ ತಪ್ಪು. ಕ್ಯಾಮೆರಾ, ಗಾಡಿ, ಪೊಲೀಸರು, ಒಂದೇ ದಿನದಲ್ಲಿ ಎಲ್ಲ ಪ್ರಾಣಿ ಹೊರಗೆ. ಮನೆ ಖಾಲಿಯಾಯಿತು, ಮನಸ್ಸು ಖಾಲಿಯಾಗಲಿಲ್ಲ. ಹಿಂಬಾಲಿಸಿ ನೋಡದಿದ್ದರೆ ಬಹುತೇಕ ಎಲ್ಲರೂ ಮತ್ತೆ ಕೂಡಿಹಾಕುತ್ತಾರೆ, ಈ ಸಲ ಇನ್ನಷ್ಟು ಗುಟ್ಟಾಗಿ. ಕಾನೂನಿನ ಹೆದರಿಕೆಯೂ ಅಷ್ಟಕ್ಕಷ್ಟೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ.

ಕೆಲಸ ನಡೆಯುವ ದಾರಿ ನಿಧಾನದ್ದು. ಮೊದಲ ಭೇಟಿಗೆ ಇಬ್ಬರೇ ಹೋಗಿ, ಫೋನು ಕಿಸೆಯಲ್ಲಿರಲಿ. "ಅಕ್ಕಾರ, ಯಾವ ಬೆಕ್ಕು ಉಣ್ಣೂದು ಬಿಟ್ಟೈತ್ರಿ?" ಎಂದು ಕೇಳಿ, ಅದೊಂದಕ್ಕೆ ಚಿಕಿತ್ಸೆ ಕೊಡಿಸಿ, ಅದನ್ನೇ ವಾಪಸು ತಂದುಕೊಡಿ. ವಾಪಸು ತಂದದ್ದೇ ನಂಬಿಕೆಯ ಮುಂಗಡ. ಎರಡನೇ ಭೇಟಿಗೆ ಗಂಡು ಒಂದು ಕೋಣೆ, ಹೆಣ್ಣು ಒಂದು ಕೋಣೆ. ಇದಕ್ಕೆ ದುಡ್ಡು ಬೇಡ, ಒಂದು ಕದ ಸಾಕು. ಆದರೂ ಮುಂದಿನ 65 ದಿನ ಮರಿ ಹುಟ್ಟುತ್ತಲೇ ಇರಬಹುದು, ಯಾರೋ ಮೋಸ ಮಾಡಿದ್ದಾರೆಂದು ರೇಗಬೇಡಿ. ಮರಿಯಾಗದಂತೆ ಮಾಡುವ ಆಪರೇಷನ್ ಹೆಣ್ಣಿನಿಂದ ಶುರುವಾಗಲಿ. ಗಂಡಿಗೆ ಬೀಜ ತೆಗೆಸಿದ ಮೇಲೂ ಒಂದೂವರೆ ತಿಂಗಳು ಬೇರೆ ಇಡಿ, ಅಷ್ಟು ದಿನ ಅದರಿಂದ ಗಬ್ಬ ಕಟ್ಟುವ ಸಾಧ್ಯತೆ ಉಳಿದಿರುತ್ತದೆ. ಆಮೇಲೆ ನಾಲ್ಕೈದರ ತಂಡ ಮಾಡಿ ಬೇರೆಡೆ ದಾಟಿಸಿ. ಹೊಸ ಜಾಗದಲ್ಲಿ ಎರಡು ವಾರ ಬೇರೆ ಇಡಿ, ಇಲ್ಲದಿದ್ದರೆ ವಾಂತಿ-ಭೇದಿ ತರುವ ಬೆಕ್ಕಿನ ಪಾರ್ವೊ ರೋಗ ಅಲ್ಲಿನ ಬೆಕ್ಕುಗಳಿಗೂ ಹರಡಬಹುದು. ಕೊನೆಗೆ ಆಪರೇಷನ್ ಆದ ಎರಡು ಮೂರು ಬೆಕ್ಕು ಆ ಮನೆಯಲ್ಲೇ ಇರಲಿ. ಸೊನ್ನೆ ಮಾಡಿದರೆ ಮತ್ತೆ ನಲವತ್ತಾಗುತ್ತದೆ.

ಬಡಕಲು ಪ್ರಾಣಿಯ ಮುಂದೆ ಬಿಸ್ಕಿಟ್ ಪ್ಯಾಕೆಟ್ ಸುರಿಯುವವರಿಗೆ ಒಂದು ಮಾತು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆತುಂಬ ಕೊಟ್ಟರೆ ರಕ್ತದಲ್ಲಿ ರಂಜಕ (ಫಾಸ್ಫರಸ್) ಕುಸಿದು ಹೃದಯ ನಿಲ್ಲಬಹುದು. ಹತ್ತು ಕಿಲೋ ತೂಗುವ ನಾಯಿಗೆ ಸುಮ್ಮನೆ ಮಲಗಿರಲು ದಿನಕ್ಕೆ ಸುಮಾರು 400 ಕ್ಯಾಲರಿ ಬೇಕು. ಮೊದಲ ದಿನ ಅದರ ಕಾಲು ಭಾಗ ಮಾತ್ರ, ಅಂದರೆ ಒಂದೂವರೆ ಬೇಯಿಸಿದ ಮೊಟ್ಟೆ, ಅದನ್ನೂ ನಾಲ್ಕೈದು ಸಲಕ್ಕೆ ಹಂಚಿ. ನಾಲ್ಕೈದು ದಿನದಲ್ಲಿ ಪೂರ್ತಿ ಊಟಕ್ಕೆ ಏರಿಸಿ.

ಮನೆ ತೊಳೆಯುವಾಗ ಆಗುವ ಅಪಾಯಗಳು ಇನ್ನೂ ಕೆಟ್ಟವು. ಉಚ್ಚೆ ಹೀರಿದ ನೆಲಕ್ಕೆ ನೇರವಾಗಿ ಬ್ಲೀಚಿಂಗ್ ಪುಡಿ ಹಾಕಿದರೆ ಅಮೋನಿಯಾ ಜೊತೆ ಸೇರಿ ಕ್ಲೋರಮಿನ್ ಅನಿಲ ಏಳುತ್ತದೆ. ಜೊತೆಗೆ ಪಾಯಖಾನೆ ತೊಳೆಯುವ ಆ್ಯಸಿಡ್ ಸುರಿದರೆ ಕ್ಲೋರಿನ್. ಎರಡೂ ಶ್ವಾಸಕೋಶ ಸುಡುತ್ತವೆ. ಫಿನಾಯಿಲ್ ಬೇಡವೇ ಬೇಡ. ಅದರಲ್ಲಿನ ಫಿನಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ, ಪಾದ ನೆಕ್ಕಿಕೊಂಡರೂ ವಿಷ. ಒಣಗಿದ ಹೇಲನ್ನು ನೀರು ಚಿಮುಕಿಸಿ ನೆನೆಸಿ ಕೆರೆದು ತೆಗೆಯಿರಿ, ಒಣದಾಗಿ ಗುಡಿಸಿದರೆ ಧೂಳು ಎದೆಗೆ ಹೋಗುತ್ತದೆ. ಬಟ್ಟೆ ಸೋಪಿನ ಪುಡಿಯಿಂದ ಎರಡು ಸಲ ಉಜ್ಜಿ ನೀರು ಹರಿಸಿ. ವಾಸನೆ ಇಳಿದ ಮೇಲೆ, ಪ್ರಾಣಿಗಳನ್ನು ಹೊರಗಿಟ್ಟು, ಲೀಟರ್ ನೀರಿಗೆ ಸುಮಾರು 6 ಗ್ರಾಂ ಬ್ಲೀಚಿಂಗ್ ಪುಡಿ ಕದಡಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಪಾರ್ವೊ ವೈರಾಣು ಮನೆಯೊಳಗೆ ವರ್ಷದವರೆಗೂ ಉಳಿಯಬಲ್ಲದು, ಸೋಪಿಗೆ ಸಾಯುವುದಿಲ್ಲ.

ಮನುಷ್ಯರ ಚಿಕಿತ್ಸೆ ಪಶುವೈದ್ಯರ ಕೆಲಸವಲ್ಲ, ಕಳಿಸುವುದು ಅವರ ಕೆಲಸ. ಕೂಡಿಹಾಕುವ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಪ್ರತ್ಯೇಕ ಸ್ಥಾನವಿದೆ. ಗಂಡ ತೀರಿಕೊಂಡದ್ದು, ಮಕ್ಕಳು ದೂರವಾದದ್ದು ಹಿಂದೆ ಇರಬಹುದು. ಅರವತ್ತು ದಾಟಿದವರಲ್ಲಿ ಹೊಸದಾಗಿ ಶುರುವಾಗಿದ್ದರೆ ಮರೆವಿನ ಕಾಯಿಲೆಯನ್ನೂ ಪರೀಕ್ಷಿಸಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಫೋನಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. "ಹುಚ್ಚಾಸ್ಪತ್ರಿಗೆ ಹೋಗೂಣು" ಎಂದರೆ ಬಾಗಿಲು ಮುಚ್ಚಿತೆಂದೇ ಲೆಕ್ಕ. "ನಿದ್ದಿ ಹತ್ತವಲ್ದು ಅಂತೀರಿ, ಅದಕ್ಕೊಮ್ಮೆ ತೋರಿಸೂಣ್ರಿ" ಎಂದರೆ ಬರುತ್ತಾರೆ.

ಇನ್ನು ಓಮ್ನಿ. ಅಲ್ಲಿ ನಿಜವಾದ ಅಪಾಯ ನಾಯಿಯ ಸಂಖ್ಯೆಯಲ್ಲ, ಬಿಸಿಲು. ಮುಚ್ಚಿದ ವಾಹನದೊಳಗೆ ಒಂದು ತಾಸಿಗೆ ಹೊರಗಿಗಿಂತ 20 ಡಿಗ್ರಿಯಷ್ಟು ಶಾಖ ಏರುತ್ತದೆ, ಅದರಲ್ಲಿ ಹೆಚ್ಚಿನದು ಮೊದಲ ಅರ್ಧ ತಾಸಿನಲ್ಲೇ. ಗಾಜು ಎರಡು ಬೆರಳು ಇಳಿಸಿಟ್ಟರೂ ಹೆಚ್ಚು ಫರಕಾಗದು. ಏಪ್ರಿಲ್‌ನ ಹುಬ್ಬಳ್ಳಿಯಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮರದ ನೆರಳಿನಿಂದ ಗಾಡಿ ಎಬ್ಬಿಸಿ ಬಯಲಿಗೆ ಓಡಿಸುವವರು ನಾಯಿಯ ಹೆಸರು ಹೇಳಿಯೇ ಓಡಿಸುತ್ತಾರೆ. ನಗರದ ವಸತಿರಹಿತರಿಗಾಗಿ ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಆಶ್ರಯಕೇಂದ್ರ ಇರಬೇಕೆಂಬುದು ಸರ್ಕಾರಿ ಯೋಜನೆಯ ಲೆಕ್ಕವಾಗಿತ್ತು. 2011ರ ಜನಗಣತಿಯಲ್ಲಿ ಅವಳಿ ನಗರದ್ದು 9.43 ಲಕ್ಷ, ಅಂದರೆ ಒಂಬತ್ತು ಬೇಕಿತ್ತು. ಆ ಲೆಕ್ಕದಲ್ಲಿ ನಾಯಿಗೆ ಮೂಲೆ ಇಲ್ಲ, ಆದ್ದರಿಂದ ನಾಯಿ ಇರುವವರು ಹೋಗುವುದಿಲ್ಲ.

ಆಸ್ಪತ್ರೆಗೂ ಹಾಗೇ. ಕಾಲು ಬಾತರೂ ದಾಖಲಾಗದವರನ್ನು ಯಾಕೆ ಎಂದು ಕೇಳಿದರೆ, "ಇವನ್ನ ಯಾರ ಕಡೆ ಬಿಡ್ಲಿ ಸರ್?" ಎನ್ನುತ್ತಾರೆ. ಓಣಿಯಲ್ಲಿ ಯಾರಾದರೂ ನಾಲ್ಕು ದಿನ ನೋಡಿಕೊಳ್ಳಲು ಒಪ್ಪಿದರೆ ಒಂದು ಹಾಳೆಯ ಮೇಲೆ ನಾಯಿಯ ಹೆಸರು, ಗುರುತು, ರೇಬೀಸ್ ಲಸಿಕೆಯ ದಿನಾಂಕ, ಏನು ತಿನ್ನುತ್ತದೆ, ಯಾವ ದಿನ ವಾಪಸು ಕೊಡುತ್ತೀರಿ ಎಂದು ಬರೆದು ಇಬ್ಬರೂ ಸಹಿ ಮಾಡಿ, ಒಂದು ಪ್ರತಿ ನಾಯಿಯವರ ಕಿಸೆಗೆ ಕೊಡಿ. ಲಸಿಕೆ ಆಗಿರದಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ಘಟಕವನ್ನು ಕೇಳಬಹುದು.