ಆಗಸ್ಟಾ ಸ್ಯಾವೇಜ್: ಮಣ್ಣು, ಮಾತು ಮತ್ತು ಹಾರ್ಲೆಮ್‌ನ ತರಗತಿ

ಅಮೆರಿಕದ ಕಪ್ಪು ಶಿಲ್ಪಿ ಆಗಸ್ಟಾ ಸ್ಯಾವೇಜ್ ಅವರನ್ನು ಅಭ್ಯಾಸ ಮಾಡಲು ಕುಳಿತವರಿಗೆ ಮೊದಲು ಎದುರಾಗುವುದು ಒಂದು ನಷ್ಟ: ಅವರ ಅತ್ಯಂತ ಪ್ರಸಿದ್ಧ ಕೃತಿಯೇ ಇಂದು ಇಲ್ಲ. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಅವರು ರೂಪಿಸಿದ ‘ದಿ ಹಾರ್ಪ್’ ಸುಮಾರು 16 ಅಡಿ ಎತ್ತರದ ಪ್ಲಾಸ್ಟರ್ ಶಿಲ್ಪ. ಎತ್ತರದಿಂದ ಇಳಿಯುತ್ತ ಸಾಲಾಗಿ ನಿಂತ ಹನ್ನೆರಡು ಗಾಯಕರೇ ಅದರಲ್ಲಿ ಹಾರ್ಪ್ ಎಂಬ ವಾದ್ಯದ ತಂತಿಗಳು. ಅವರನ್ನು ಹೊತ್ತ ದೇವರ ತೋಳೇ ವಾದ್ಯದ ಬುಡ. ಕಂಚಿನಲ್ಲಿ ಎರಕ ಹೊಯ್ಯಿಸಲು ಹಣವಿರಲಿಲ್ಲ. ಮೇಳ ಮುಗಿದ ಮೇಲೆ ಅದನ್ನು ಒಡೆದುಹಾಕಿದರು. ಉಳಿದದ್ದು ಛಾಯಾಚಿತ್ರಗಳು ಮತ್ತು ಮೇಳದಲ್ಲಿ ಮಾರಿದ ಪುಟ್ಟ ಲೋಹದ ಪ್ರತಿಗಳು. ಆದ್ದರಿಂದ ಅವರ ಪರಂಪರೆಯನ್ನು ವಸ್ತುಸಂಗ್ರಹಾಲಯದಲ್ಲಿ ಹುಡುಕುವುದಕ್ಕಿಂತ ಅವರು ನಡೆಸಿದ ತರಗತಿಯಲ್ಲಿ ಹುಡುಕುವುದೇ ಸರಿ ಎಂದು ನಾನು ಭಾವಿಸುತ್ತೇನೆ.

1892ರಲ್ಲಿ ಫ್ಲಾರಿಡಾದ ಗ್ರೀನ್ ಕೋವ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ ಸ್ಯಾವೇಜ್, ಊರಿನ ಕೆಂಪು ಜೇಡಿಮಣ್ಣಿನಿಂದ ಬಾತುಕೋಳಿಗಳನ್ನು ಮಾಡುತ್ತ ಬೆಳೆದರು. ಪಾದ್ರಿಯಾಗಿದ್ದ ತಂದೆ ಅದನ್ನು ಪಾಪವೆಂದು ಬಗೆದು ಹೊಡೆಯುತ್ತಿದ್ದರು. 1921ರಲ್ಲಿ ನ್ಯೂಯಾರ್ಕಿಗೆ ಬಂದು ಅಲ್ಲಿನ ಕಾಲೇಜಾದ ಕೂಪರ್ ಯೂನಿಯನ್‌ನಲ್ಲಿ ಕಲಿತರು. 1923ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೊದ ಬೇಸಿಗೆ ಕಲಾಶಾಲೆಗೆ ಸಲ್ಲಿಸಿದ ಅರ್ಜಿಯನ್ನು, ಅವರು ಕಪ್ಪು ಮಹಿಳೆ ಎಂಬ ಕಾರಣಕ್ಕೆ ಅಮೆರಿಕದ ಆಯ್ಕೆ ಸಮಿತಿ ತಿರಸ್ಕರಿಸಿದಾಗ, ಅವರು ಸುಮ್ಮನಾಗದೆ ಪತ್ರಿಕೆಗಳ ಮೂಲಕ ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು.

‘ಗ್ಯಾಮಿನ್’ ಎಂಬ ಕೃತಿಯನ್ನು ನಿಧಾನವಾಗಿ ನೋಡಬೇಕು. ಬೀದಿಯ ಹುಡುಗನೊಬ್ಬನ ತಲೆಯಿಂದ ಎದೆಯವರೆಗಿನ ಈ ಶಿಲ್ಪದ ಒಂದು ಪ್ರತಿ ಒಂದು ಗೇಣಿನಷ್ಟೇ ಎತ್ತರವಿದೆ. ಟೋಪಿ ಒಂದು ಬದಿಗೆ ವಾಲಿದೆ, ಅಂಗಿ ಸುಕ್ಕುಗಟ್ಟಿದೆ, ಕಣ್ಣುಗಳಲ್ಲಿ ವಯಸ್ಸಿಗೆ ಮೀರಿದ ಎಚ್ಚರವಿದೆ. ಕಪ್ಪು ಮುಖಗಳನ್ನು ಗೇಲಿಚಿತ್ರವಾಗಿ ಬಿಡಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಈ ಹುಡುಗನಿಗೆ ಅವನದೇ ಮುಖ ದೊರೆಯಿತು. ಇದೇ ಕೃತಿಯಿಂದ ದೊರೆತ ರೋಸೆನ್‌ವಾಲ್ಡ್ ಶಿಷ್ಯವೇತನದ ಮೇಲೆ ಅವರು 1929ರಲ್ಲಿ ಪ್ಯಾರಿಸ್‌ಗೆ ಹೋದರು.

ಮರಳಿ ಬಂದು 1932ರಲ್ಲಿ, ನ್ಯೂಯಾರ್ಕಿನಲ್ಲಿ ಕಪ್ಪು ಜನರು ಹೆಚ್ಚಾಗಿ ನೆಲೆಸಿದ್ದ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಸ್ವಂತ ಕಲಾಶಾಲೆ ತೆರೆದರು. 1937ರಲ್ಲಿ ಸರ್ಕಾರದ ನೆರವಿನ ಹಾರ್ಲೆಮ್ ಸಮುದಾಯ ಕಲಾ ಕೇಂದ್ರದ ಮೊದಲ ನಿರ್ದೇಶಕಿಯಾದರು. ಈ ನಡುವೆ ಕಲೆ ಮತ್ತು ರಾಜಕೀಯವನ್ನು ಚರ್ಚಿಸಲು ‘ವ್ಯಾನ್‌ಗಾರ್ಡ್’ ಎಂಬ ಕೂಟವನ್ನೂ ಕಟ್ಟಿದ್ದರು. ಕೈಕೆಲಸವೂ ಚರ್ಚೆಯೂ ಅವರಲ್ಲಿ ಹೀಗೆ ಜೊತೆಜೊತೆಯಾಗಿಯೇ ಸಾಗಿದವು ಎಂಬುದನ್ನು ಗಮನಿಸಿ. ಯುವ ಚಿತ್ರಕಾರ ಜೇಕಬ್ ಲಾರೆನ್ಸ್ ಅವರನ್ನು ಸ್ಯಾವೇಜ್ ಸರ್ಕಾರಿ ಕಲಾ ಯೋಜನೆಗೆ ಸೇರಿಸಲು ಕರೆದೊಯ್ದಾಗ ಅಲ್ಲಿನವರು ವಯಸ್ಸು ಸಾಲದೆಂದು ಹಿಂದಕ್ಕೆ ಕಳಿಸಿದರು. ಹುಡುಗ ಅದನ್ನು ಮರೆತೇಬಿಟ್ಟಿದ್ದ. ಸ್ಯಾವೇಜ್ ಮರೆಯಲಿಲ್ಲ, ಇಪ್ಪತ್ತೊಂದು ತುಂಬಿದಾಗ ಮತ್ತೆ ಕರೆದೊಯ್ದು ಹೆಸರು ಬರೆಸಿದರು.

ಅಧ್ಯಯನ ಗುಂಪಿನಲ್ಲಿ ಅವರನ್ನು ನೆನೆಯುವುದಾದರೆ ಭಾಷಣಕ್ಕಿಂತ ಮಣ್ಣನ್ನು ಮುಂದಿಡುವುದು ಅವರ ರೀತಿಗೆ ಹತ್ತಿರ. ಗಾಳಿಗುಳ್ಳೆ ಉಳಿಯದಂತೆ ಮಣ್ಣನ್ನು ಚೆನ್ನಾಗಿ ನಾದಿ, ಪ್ರತಿಯೊಬ್ಬರೂ ತಮ್ಮ ಬೀದಿಯಲ್ಲಿ ದಿನವೂ ಕಾಣುವ ಒಬ್ಬರ ತಲೆಯನ್ನು ಗೇಣೆತ್ತರಕ್ಕೆ ರೂಪಿಸಲಿ. ಆ ವ್ಯಕ್ತಿ ಯಾರು, ಅವರನ್ನೇ ಏಕೆ ಆರಿಸಿಕೊಂಡೆವು ಎಂಬುದನ್ನು ಕೈ ಕೆಲಸ ಮಾಡುತ್ತಿರುವಾಗಲೇ ಪಕ್ಕದವರಿಗೆ ಹೇಳಲಿ. ಸುಡುವ ಉದ್ದೇಶವಿದ್ದರೆ ಮಣ್ಣು ಅರೆಒಣಗಿದಾಗ ತಲೆಯ ಒಳಭಾಗವನ್ನು ಕೆರೆದು ಟೊಳ್ಳು ಮಾಡಿ, ನೆರಳಿನಲ್ಲಿ ಪೂರ್ತಿ ಒಣಗಲು ಬಿಡಬೇಕು. ದಪ್ಪ ಮಣ್ಣಿನೊಳಗೆ ತೇವ ಉಳಿದರೆ ಬೆಂಕಿಯಲ್ಲಿ ಅದು ಆವಿಯಾಗಿ ಮುಖವನ್ನೇ ಸಿಡಿಸುತ್ತದೆ.