ಆಲ್ಟೋಗೆ ಎರಡೂವರೆ ಇಂಚಿನ ಪೈಪು ಬೇಡ

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಗ್ಯಾರೇಜಿಗೆ ಬರುವ ಸಣ್ಣ ಕಾರುಗಳದ್ದು ಹೆಚ್ಚಾಗಿ ಒಂದೇ ದೂರು: ಹಿಂದಿನ ಸೈಲೆನ್ಸರ್ ಉದುರಿದೆ. ಕರಾವಳಿಯಲ್ಲಿ ಇಪ್ಪತ್ತು ವರ್ಷಗಳಿಂದ ಕಾರುಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡುವವನಿಗೆ ಇದರಲ್ಲಿ ಹೊಸತೇನಿಲ್ಲ. ಕಳೆದ ತಿಂಗಳು ಹುಡುಗನೊಬ್ಬ ಅಪ್ಪನ ಆಲ್ಟೋ 800 ತಂದಿದ್ದ. ತುಕ್ಕು ತಿಂದ ಸೈಲೆನ್ಸರನ್ನು ಕಟ್ಟುಕಂಬಿಯಲ್ಲಿ ಬಿಗಿದುಕೊಂಡೇ ಬಂದಿದ್ದ. "ಅಣ್ಣ, ಹೇಗೂ ಹೋಗಿದೆ. ಎರಡೂವರೆ ಇಂಚಿನ ಪೈಪು ಹಾಕಿಬಿಡಿ. ಪಿಕಪ್ಪೂ ಬರುತ್ತದೆ, ಸದ್ದೂ ಬರುತ್ತದೆ" ಎಂದ.

ಸದ್ದು ಖಂಡಿತ ಬರುತ್ತದೆ. ಪಿಕಪ್ಪಿನ ಮಾತು ಬೇರೆ.

"ಮಾರಾಯ, ನಿನ್ನ ಅಜ್ಜಿಯ ಮನೆಯಲ್ಲಿ ಒಲೆ ಊದುವ ಕೊಳವೆ ನೋಡಿದ್ದೀಯಾ?" ಎಂದು ಕೇಳಿದೆ. ಊದುಗೊಳವೆ ಸಪೂರವಾಗಿರುವುದರಿಂದಲೇ ಉಸಿರು ರಭಸದಿಂದ ಹೋಗಿ ಕೆಂಡಕ್ಕೆ ಮುಟ್ಟುತ್ತದೆ. ಅದೇ ಉಸಿರನ್ನು ತೋಳುಗಾತ್ರದ ಬಿದಿರಿನಲ್ಲಿ ಊದಿದರೆ ಬೂದಿಯೂ ಏಳುವುದಿಲ್ಲ. ಎಂಜಿನಿನ ಹೊಗೆಯೂ ಒಂದೇ ಸಮನೆ ಹರಿಯುವ ನೀರಿನಂತಲ್ಲ, ಉಂಡೆ ಉಂಡೆಯಾಗಿ ಬರುತ್ತದೆ. ಒಂದು ಉಂಡೆ ರಭಸದಿಂದ ಮುಂದೆ ಹೋದಾಗ ಅದರ ಬೆನ್ನಿಗೆ ಒತ್ತಡ ಕುಸಿಯುತ್ತದೆ. ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆಳೆಯುವುದು ಆ ಸೆಳೆತವೇ. ಕೊಳವೆ ಅಗಲವಾದಷ್ಟೂ ವೇಗ ಇಳಿಯುತ್ತದೆ, ಸೆಳೆತ ಸಾಯುತ್ತದೆ. ಎಂಜಿನಿಗೆ ಹಿಂದಿನಿಂದ ಸ್ವಲ್ಪ ಒತ್ತಡ ಇರಲೇಬೇಕು ಎಂದು ಹಲವು ಮೆಕ್ಯಾನಿಕರು ಹೇಳುವುದುಂಟು, ಅದು ಸರಿಯಲ್ಲ. ಬೇಕಾದದ್ದು ತಡೆಯಲ್ಲ, ವೇಗ. ದೊಡ್ಡ ಪೈಪಿನಿಂದ ಪಿಕಪ್ ಹೋಯಿತೆಂದು ಅವರು ಹೇಳುವುದು ಸರಿಯೇ, ಕಾರಣ ಮಾತ್ರ ತಪ್ಪು.

ಲೆಕ್ಕ ನೋಡಿ. ಇಂತಹ ಕಾರಿನ ಕೊಳವೆ ಒಂದೂವರೆ ಇಂಚಿನ ಆಸುಪಾಸು ಇರುತ್ತದೆ. ಎರಡೂವರೆ ಇಂಚು ಹಾಕಿದರೆ ಒಳಗಿನ ಜಾಗ ಒಂದಿಂಚಿನಷ್ಟು ಹೆಚ್ಚುವುದಲ್ಲ, ಎರಡೂಮುಕ್ಕಾಲು ಪಟ್ಟಾಗುತ್ತದೆ. ಎಂಜಿನ್ ಮಾತ್ರ ಅದೇ 796 ಸಿಸಿ, ಅದೇ 48 ಅಶ್ವಶಕ್ತಿ. ಅದರ ಎಳೆತ ಗರಿಷ್ಠವಾಗುವುದು ನಿಮಿಷಕ್ಕೆ 3,500 ಸುತ್ತಿನಲ್ಲಿ. ಊರೊಳಗೆ ನಾವು ಓಡಿಸುವುದು ಅದಕ್ಕಿಂತಲೂ ಕೆಳಗೆ. ಅಗಲ ಪೈಪು ಏನಾದರೂ ಕೊಟ್ಟರೆ 5,000 ಸುತ್ತು ದಾಟಿದ ಮೇಲೆ ಕೊಟ್ಟೀತು. ಹಂಪು, ಹೊಂಡ, ಮೀನಿನ ಲಾರಿಗಳ ನಡುವೆ ಆ ಸುತ್ತು ಮುಟ್ಟುವವರು ಯಾರು?

ಇದನ್ನು ನಾನು ಕಲಿತದ್ದು ಇನ್ನೊಬ್ಬರ ಖರ್ಚಿನಲ್ಲಿ. ಗ್ಯಾರೇಜು ತೆರೆದ ಹೊಸತರಲ್ಲಿ ಒಬ್ಬರ ಮಾರುತಿ ಜೆನ್‌ಗೆ ಎರಡಿಂಚಿನ ಪೈಪು ಹಾಕಿ ಕೊಟ್ಟೆ. ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ ಖುಷಿಯಿಂದ ಹಣ ಕೊಟ್ಟರು. ಮರುವಾರ ಮನೆಮಂದಿಯನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತಿದ್ದಾರೆ. ಮೊದಲು ಎರಡನೇ ಗೇರಿನಲ್ಲಿ ಏರುತ್ತಿದ್ದ ತಿರುವುಗಳಲ್ಲಿ ಕಾರು ಮೊದಲನೇ ಗೇರು ಕೇಳಿತಂತೆ. ಜೊತೆಗೆ ದಾರಿಯುದ್ದಕ್ಕೂ ಒಳಗೆ ಗುಂಯ್‌ಗುಟ್ಟುವ ಸದ್ದು, ಹಿಂದೆ ಕುಳಿತ ಅವರ ತಾಯಿಗೆ ತಲೆನೋವು. ಮಾತಿಲ್ಲದೆ ಕತ್ತರಿಸಿ ತೆಗೆದು ಹಳೆಯ ಅಳತೆಯದ್ದನ್ನೇ ಪುಕ್ಕಟೆಯಾಗಿ ಹಾಕಿಕೊಟ್ಟೆ.

ಆ ಗುಂಯ್ ಸದ್ದಿನ ವಿಷಯವನ್ನು ದೊಡ್ಡ ಪೈಪು ಮಾರುವ ಅಂಗಡಿಯವರು ಹೇಳುವುದೇ ಇಲ್ಲ. ಆಲ್ಟೋದಂತಹ ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,400 ಸುತ್ತಿನಲ್ಲಿ ತಿರುಗುವಾಗ ಸೆಕೆಂಡಿಗೆ 60 ಬಾರಿ ಹೊಗೆ ಉಗುಳುತ್ತದೆ. ಗಂಡಸರ ತಂಬೂರಿಯ ಮಂದ್ರ ಷಡ್ಜದ ಹತ್ತಿರದ ಸ್ವರ ಅದು. ತಂಬೂರಿಯಲ್ಲಿ ಇಂಪು, ತಗಡಿನ ಡಬ್ಬಿಯಂತಹ ಕಾರಿನೊಳಗೆ, ಕಿಟಕಿ ಮುಚ್ಚಿ ಒಂದು ಗಂಟೆ ಕುಳಿತರೆ ಶಿಕ್ಷೆ. ಕಂಪನಿಯವರು ಮಧ್ಯದಲ್ಲಿಟ್ಟ ಸಣ್ಣ ಡಬ್ಬಿ, ಅಂದರೆ ರೆಸೊನೇಟರ್, ಇಂತಹ ಸ್ವರವನ್ನು ನುಂಗುವುದಕ್ಕೇ ಇರುವುದು. ಅದನ್ನು ದಂಡದ ಭಾರವೆಂದು ತೆಗೆಸಿಕೊಂಡವರು ತಿಂಗಳೊಳಗೆ ಮರಳಿ ಬರುತ್ತಾರೆ.

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ಲೋಹಕ್ಕೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡುವ ಕಾರಿನಲ್ಲಿ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಹಿಂದಿನ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ. ನೀರು ಒಳಗೇ ನಿಂತು, ಹೊಗೆಯ ಆಮ್ಲ ಸೇರಿಕೊಂಡು, ಒಳಗಿನಿಂದಲೇ ಕೊರೆಯುತ್ತದೆ. ಹೊರಗಿನಿಂದ ಉಪ್ಪುಗಾಳಿ. ಹುಡುಗನ ಸೈಲೆನ್ಸರನ್ನು ಬೆಂಚಿನ ಮೇಲಿಟ್ಟು ಕತ್ತರಿಸಿ ತೋರಿಸಿದೆ. ಒಳಗಿನ ತಗಡು ಹಪ್ಪಳದಂತೆ ಮುರಿಯುತ್ತಿತ್ತು. ತಳದಲ್ಲಿ ನೀರು ಬಸಿದುಹೋಗಲೆಂದೇ ಇಟ್ಟಿದ್ದ ಬೆಂಕಿಕಡ್ಡಿ ಗಾತ್ರದ ತೂತನ್ನು ಯಾರೋ ಸೋರಿಕೆಯೆಂದು ತಿಳಿದು ವೆಲ್ಡ್ ಮಾಡಿ ಮುಚ್ಚಿದ್ದರು. ಈ ಒಂದು ಹನಿ ವೆಲ್ಡಿಂಗ್ ಎಷ್ಟು ಸೈಲೆನ್ಸರುಗಳನ್ನು ಕೊಂದಿದೆಯೋ!

ಮೈಲ್ಡ್ ಸ್ಟೀಲ್ ಅಗ್ಗ, ನಮ್ಮ ಊರಿನ ಹವೆಗೆ ಬಾಳುವುದಿಲ್ಲ. ಸ್ಟೇನ್‌ಲೆಸ್ ಎಂದ ತಕ್ಷಣ ನಂಬಬೇಡಿ. ಗೇಟು, ಕಟಕಟೆ ಮಾಡುವವರ ಬಳಿ ಸಿಗುವ ಹೊಳೆಯುವ ಪೈಪು ಬಹುತೇಕ 202 ದರ್ಜೆಯದು. ಅದರಲ್ಲಿ ನಿಕಲ್ ಕಡಿಮೆ, ಕಡಲ ಗಾಳಿಗೆ ಬೇಗ ಕಲೆ ಬೀಳುತ್ತದೆ. ಬೇಕಾದದ್ದು 409 ಅಥವಾ 304. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡುವವರಿಗೆ ಒಂದು ಕಿವಿಮಾತು: 409 ದರ್ಜೆಯದು ಆಯಸ್ಕಾಂತಕ್ಕೆ ಅಂಟುತ್ತದೆ, ಆದರೂ ಅದು ಸ್ಟೇನ್‌ಲೆಸ್ಸೇ. 202, 304 ಎರಡೂ ಅಂಟುವುದಿಲ್ಲ. ಹಾಗಾಗಿ ಆಯಸ್ಕಾಂತದಿಂದ ಏನೂ ತೀರ್ಮಾನವಾಗದು. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳಿ.

ಬಾಗಿದ ಜಾಗಗಳನ್ನೂ ಕೈಯಾಡಿಸಿ ನೋಡಿ. ಅಗ್ಗದ ಯಂತ್ರದಲ್ಲಿ ಬಾಗಿಸಿದ ಪೈಪು ತಿರುವಿನಲ್ಲಿ ಹಿಂಡಿದ ನಿಂಬೆಹಣ್ಣಿನಂತೆ ಚಪ್ಪಟೆಯಾಗಿರುತ್ತದೆ. ಹೊರಗಿನಿಂದ ಎರಡಿಂಚು, ತಿರುವಿನಲ್ಲಿ ಒಂದೂವರೆಯೂ ಇಲ್ಲ. ನನ್ನ ಗುರುಗಳು ಪೈಪಿಗೆ ಒಣ ಮರಳು ಗಿಡಿದು, ಎರಡು ತುದಿಗೂ ಬೆಣೆ ಹೊಡೆದು, ಕಾಯಿಸಿ ಬಗ್ಗಿಸುತ್ತಿದ್ದರು. ಪೈಪಿನ ದುಂಡು ಕೆಡುತ್ತಿರಲಿಲ್ಲ. ಈಗ ಅದಕ್ಕೆ ಪೈಪಿನೊಳಗೆ ಗುಂಡು ಕೂರಿಸಿ ಬಗ್ಗಿಸುವ ಮ್ಯಾಂಡ್ರೆಲ್ ಯಂತ್ರವಿದೆ, ದರ ಸ್ವಲ್ಪ ಹೆಚ್ಚು. ಆ ಹೆಚ್ಚಿನ ದರ ಕೊಡಿ.

ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಸುವ ವಿಷಯದಲ್ಲಿ ನಾನು ಚೌಕಾಸಿಗೂ ನಿಲ್ಲುವುದಿಲ್ಲ, ಮಾಡುವುದಿಲ್ಲ ಅಷ್ಟೆ. ಅದರೊಳಗೆ ಜೇನುಗೂಡಿನಂತಹ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಅದನ್ನು ತೆಗೆಯಿರಿ ಎಂದು ಸಲಹೆ ಕೊಡುವವರಲ್ಲಿ ಕೆಲವರ ಕಣ್ಣು ನಿಮ್ಮ ಪಿಕಪ್ಪಿನ ಮೇಲಲ್ಲ, ಆ ಲೋಹದ ಗುಜರಿ ಬೆಲೆಯ ಮೇಲೆ. 2020ರ ಏಪ್ರಿಲ್ ನಂತರದ, ಬಿಎಸ್ 6 ಎಂಬ ಹೊಗೆ ಮಾನದಂಡದ ಕಾರಾದರೆ ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ಸೆನ್ಸರ್ ಕಾಯುತ್ತಿರುತ್ತದೆ. ತೆಗೆದರೆ ಡ್ಯಾಶಿನಲ್ಲಿ ದೀಪ ಹತ್ತಿಕೊಳ್ಳುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಮುಂದಿನ ಸೆನ್ಸರಿಗಿಂತ ಮೊದಲು ಜಾಯಿಂಟಿನಲ್ಲಿ ಕೂದಲೆಳೆಯ ಸೋರಿಕೆ ಇದ್ದರೂ ಹೊರಗಾಳಿ ಒಳಸೇರಿ ಸೆನ್ಸರ್ ಮೋಸಹೋಗುತ್ತದೆ. ಪೆಟ್ರೋಲ್ ಸಾಲದೆಂದು ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ, ಮೈಲೇಜ್ ಹೋಗುತ್ತದೆ. ಕೆಲಸ ಮುಗಿದ ಮೇಲೆ ತಣ್ಣನೆಯ ಎಂಜಿನ್ ಶುರುಮಾಡಿಸಿ, ಹಿಂದಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿಯಲು ಹೇಳಿ. ಎಲ್ಲಾದರೂ 'ಫುಸ್' ಎಂದರೆ ಹಣ ಕೊಡಬೇಡಿ.

ಕಾನೂನು ಗೊತ್ತಿರಲಿ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಲೈಸೆನ್ಸಿಗೂ ಮೂರು ತಿಂಗಳ ಕುತ್ತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. ಕೊನೆಗೆ ಕಂಪನಿಯ ಅಳತೆಯದ್ದೇ 409 ಸ್ಟೀಲಿನ ಪೈಪು, ಹೊಸ ಸೈಲೆನ್ಸರ್, ಹೊಸ ರಬ್ಬರ್ ಹ್ಯಾಂಗರುಗಳಿಗೆ ಒಪ್ಪಿದ. "ಹೊಳೆಯುವ ಮೂತಿಯನ್ನಾದರೂ ಹಾಕಿ ಅಣ್ಣ" ಎಂದ. ಅದರಿಂದ ಎಂಜಿನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೊಗೆ ಡಿಕ್ಕಿಯ ಸಂದಿಯಿಂದ ಒಳಗೆ ಸೆಳೆಯಲ್ಪಡದಂತೆ ಬಂಪರಿನಿಂದ ಎರಡು ಬೆರಳು ಹೊರಗೆ ಬರುವ ಹಾಗೆ ಕೂರಿಸಿ, ವೆಲ್ಡ್ ಮಾಡದೆ ಬೋಲ್ಟ್ ಬಿಗಿದು ಕೊಟ್ಟೆ. ಅಪ್ಪ ನೋಡಿ ಬೈದರೆ ಹತ್ತು ನಿಮಿಷದಲ್ಲಿ ಬಿಚ್ಚಬಹುದು.